ಅಪರಿಚಿತ ಫೈಲು ತೆರೆಯುವ ಪ್ರಾಸೆಸ್‌ಗೆ ಎಷ್ಟು ಹಕ್ಕು ಬೇಕು?

ಪ್ರಶ್ನೆ: ಎಲ್ಲೆಲ್ಲಿಂದಲೋ ಬರುವ ಚಿತ್ರ, ಪಿಡಿಎಫ್, ಜಿಪ್ ಫೈಲುಗಳನ್ನು ತೆರೆದು ತೋರಿಸುವ ಒಂದು ಡೆಸ್ಕ್‌ಟಾಪ್ ಆ್ಯಪ್ ಬರೆದಿದ್ದೇನೆ. ಭಾಷೆ ಸಿ ಪ್ಲಸ್ ಪ್ಲಸ್. ಫೈಲು ಬಿಡಿಸುವ ಕೆಲಸವೆಲ್ಲ ಬೇರೆಯವರ ಓಪನ್ ಸೋರ್ಸ್ ಲೈಬ್ರರಿಗಳದು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಬಿಎಸ್‌ಡಿಗೂ ಒಯ್ಯಬೇಕೆಂದಿದ್ದೇನೆ. ಆ್ಯಪ್ ರೂಟ್ (ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ಯೂಸರ್) ಆಗಿ ಓಡುವುದಿಲ್ಲ, ಅಷ್ಟು ಸಾಲದೆ? ಕಂಟೇನರ್‌ನಲ್ಲಿ ಹಾಕಿದರೆ? ಪ್ರೋಗ್ರಾಮಿನ ಹಕ್ಕುಗಳನ್ನು ಕಡಿದು ಕಟ್ಟಿಹಾಕುವ, ಎಲ್ಲ ಕಡೆ ನಡೆಯುವ ಒಂದೇ ಸ್ಯಾಂಡ್‌ಬಾಕ್ಸ್ ಲೈಬ್ರರಿ ಇದ್ದರೆ ಹೇಳಿ. ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಪ್ರೋಗ್ರಾಮನ್ನು ಎರಡು ಪ್ರಾಸೆಸ್ (ತನ್ನದೇ ಮೆಮೊರಿಯಲ್ಲಿ ಪ್ರತ್ಯೇಕವಾಗಿ ಓಡುವ ಭಾಗ) ಆಗಿ ಒಡೆಯುವುದರಿಂದ ಶುರು ಮಾಡಿ. ಒಂದು ಪ್ರಾಸೆಸ್ ಬಳಕೆದಾರರ ಜತೆ ಮಾತಾಡಲಿ, ಫೈಲು ಆರಿಸಿಕೊಳ್ಳಲಿ, ಕಿಟಕಿ ತೋರಿಸಲಿ. ಇನ್ನೊಂದು ಆ ಫೈಲಿನ ಒಳಗಿರುವ ಬೈಟುಗಳನ್ನು ಓದಿ ಚಿತ್ರವಾಗಿ ಬಿಡಿಸಲಿ, ಅಷ್ಟೇ. ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ಯಾವ ಸಿಸ್ಟಂ ಕಾಲ್ (ಸಿಸ್ಟಂನ ತಿರುಳಾದ ಕರ್ನಲ್‌ಗೆ ಪ್ರೋಗ್ರಾಂ ಸಲ್ಲಿಸುವ ಬೇಡಿಕೆ) ಕರೆಯಬೇಕು ಎಂಬುದು ಆಮೇಲಿನ ಮಾತು. ಒಡೆಯದೆ ಇದ್ದರೆ ಯಾವ ಸ್ಯಾಂಡ್‌ಬಾಕ್ಸ್ ತಂದರೂ ಅದನ್ನು ಸಡಿಲ ಬಿಡಲೇಬೇಕಾಗುತ್ತದೆ. ಏಕೆಂದರೆ ಕಿಟಕಿ ತೋರಿಸುವ, ಫೈಲು ಉಳಿಸುವ, ಮುದ್ರಿಸುವ, ಅಪ್‌ಡೇಟ್ ಹುಡುಕುವ ಹಕ್ಕುಗಳೆಲ್ಲ ಅದೇ ಪ್ರಾಸೆಸ್‌ಗೆ ಬೇಕು.

ಈಗ ರೂಟ್ ಮಾತಿಗೆ ಬರೋಣ. ಒಂದು ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ ಒಬ್ಬರ ಫೈಲು ಇನ್ನೊಬ್ಬರ ಕೈಗೆ ಸಿಗಬಾರದು ಎಂಬುದೇ ದೊಡ್ಡ ಚಿಂತೆ. ಯುನಿಕ್ಸ್ ಗೆರೆ ಎಳೆದದ್ದು ಯೂಸರ್ ಯೂಸರ್ ನಡುವೆ. ಡೆಸ್ಕ್‌ಟಾಪ್‌ನಲ್ಲಿ ಯೂಸರ್ ಒಬ್ಬರೇ. ಅವರ ಬ್ರೌಸರ್ ಕುಕೀಗಳು, ಎಸ್‌ಎಸ್‌ಎಚ್ ಕೀಲಿ, ಫೋಟೊ, ಪತ್ರ ಎಲ್ಲವೂ ಆ ಒಬ್ಬರ ಹೆಸರಿನಲ್ಲೇ ಇವೆ. ಅವರ ಹೆಸರಿನಲ್ಲಿ ಓಡುವ ಪ್ರತಿ ಪ್ರಾಸೆಸ್‌ಗೂ ಅವುಗಳ ಮೇಲೆ ಪೂರ್ತಿ ಅಧಿಕಾರ. ನಿಮ್ಮ ಆ್ಯಪ್ ಒಳಗೆ ನುಗ್ಗಿದವನಿಗೆ ರೂಟ್ ಬೇಕೇ ಆಗುವುದಿಲ್ಲ. ಅವನು ಹುಡುಕುತ್ತಿದ್ದುದೆಲ್ಲ ಹೋಂ ಡೈರೆಕ್ಟರಿಯಲ್ಲೇ ಸಿಕ್ಕಿರುತ್ತದೆ. ಪ್ರತಿ ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಇರಬೇಕು ಎಂದು ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದರು. ಡೆಸ್ಕ್‌ಟಾಪ್ ವ್ಯವಸ್ಥೆಗಳು ಅದನ್ನು ಕಿವಿಗೆ ಹಾಕಿಕೊಳ್ಳಲು ದಶಕಗಳೇ ಹಿಡಿದವು.

ನಿಮ್ಮ ಲೈಬ್ರರಿಗಳು ಒಳ್ಳೆಯವೇ ಇರಬಹುದು. ಆದರೂ ಮೂರು ಪ್ರಕರಣಗಳನ್ನು ನೋಡಿ. 2016ರಲ್ಲಿ ಚಿತ್ರ ಸಂಸ್ಕರಿಸುವ ಇಮೇಜ್‌ಮ್ಯಾಜಿಕ್‌ನಲ್ಲಿ ಒಂದು ದೋಷ ಹೊರಬಂತು: ಚಿತ್ರವೆಂದು ಕಳಿಸಿದ ಫೈಲಿನೊಳಗೆ ಶೆಲ್ ಆಜ್ಞೆ ಅಡಗಿಸಿಟ್ಟರೆ ಅದು ಓಡಿಬಿಡುತ್ತಿತ್ತು. ಮೆಮೊರಿ ಹಾಳಾಗುವ ಮಾತೇ ಅಲ್ಲಿರಲಿಲ್ಲ. ಚಿತ್ರ ಬಿಡಿಸುವ ಪ್ರಾಸೆಸ್‌ಗೆ ಬೇರೆ ಪ್ರೋಗ್ರಾಂ ಓಡಿಸುವ ಹಕ್ಕು ಇತ್ತು, ದಾಳಿಕೋರ ಅದನ್ನು ಬಳಸಿಕೊಂಡ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿಯ ಸರದಿ. ಹಫ್‌ಮನ್ ಕೋಷ್ಟಕ ಕಟ್ಟುವಾಗ ಬಫರ್ ಮೀರಿ ಬರೆಯುವ ದೋಷ ಅದು. ಆ ಲೈಬ್ರರಿಯನ್ನು ಒಳಗಿಟ್ಟುಕೊಂಡಿದ್ದ ಬ್ರೌಸರ್‌ಗಳು, ಎಲೆಕ್ಟ್ರಾನ್ ಆ್ಯಪ್‌ಗಳು ಎಲ್ಲವೂ ತರಾತುರಿಯಲ್ಲಿ ಅಪ್‌ಡೇಟ್ ಆಗಬೇಕಾಯಿತು, ದಾಳಿ ಆಗಲೇ ನಡೆಯುತ್ತಿತ್ತು.

ಮೂರನೆಯದೇ ನನ್ನ ದೃಷ್ಟಿಯಲ್ಲಿ ನಿಮಗೆ ಬಹಳ ಮುಖ್ಯ. 2015ರ ಸ್ಟೇಜ್‌ಫ್ರೈಟ್ ದೋಷಗಳು ಆಂಡ್ರಾಯ್ಡ್‌ನ ಮೀಡಿಯಾಸರ್ವರ್ ಎಂಬ ಪ್ರಾಸೆಸ್‌ನಲ್ಲಿದ್ದವು. ವಿಡಿಯೊ ಫೈಲನ್ನು ಬಿಚ್ಚಿ ನೋಡುವುದೂ ಅದೇ, ಕ್ಯಾಮೆರಾ ನಡೆಸುವುದೂ ಅದೇ, ಧ್ವನಿ ನಡೆಸುವುದೂ ಅದೇ. ಒಂದು ಎಂಎಂಎಸ್ ಸಂದೇಶದ ವಿಡಿಯೊದಿಂದ ಅದರೊಳಗೆ ಕಾಲಿಟ್ಟವನಿಗೆ ಆ ಹಕ್ಕುಗಳೆಲ್ಲ ಒಟ್ಟಿಗೆ ಸಿಗುತ್ತಿದ್ದವು. ದೋಷಗಳನ್ನು ಒಂದೊಂದಾಗಿ ಮುಚ್ಚಿದರು, ಸರಿ. ಆದರೆ ನಿಜವಾದ ಪರಿಹಾರ ಬಂದದ್ದು 2016ರ ಆಂಡ್ರಾಯ್ಡ್ 7ರಲ್ಲಿ. ಅಲ್ಲಿ ಮೀಡಿಯಾಸರ್ವರನ್ನೇ ಹಲವು ಪ್ರಾಸೆಸ್‌ಗಳಾಗಿ ಒಡೆದರು. ಕ್ಯಾಮೆರಾ ನೋಡಿಕೊಳ್ಳುವ ಪ್ರಾಸೆಸ್ ಬೇರೆ, ಧ್ವನಿಯದು ಬೇರೆ, ಅಪರಿಚಿತ ಫೈಲನ್ನು ಮೊದಲು ಮುಟ್ಟುವ ಎಕ್ಸ್‌ಟ್ರಾಕ್ಟರ್ ಬೇರೆ. ಆ ಕೊನೆಯದಕ್ಕೆ ಹೆಚ್ಚುಕಡಿಮೆ ಯಾವ ಹಕ್ಕೂ ಉಳಿಯಲಿಲ್ಲ. ಅತಿ ಅಪಾಯದ ಕೆಲಸ ಮಾಡುವ ಪ್ರಾಸೆಸ್ ಎಲ್ಲರಿಗಿಂತ ಬಡವಾಗಿರಬೇಕು, ಇದೇ ಇಲ್ಲಿನ ನಿಯಮ.

ಈ ಜಾಡು ಹೊಸದೇನಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ನೀಲ್ಸ್ ಪ್ರೊವೊಸ್ 2002ರ ಹೊತ್ತಿಗೇ ಇದನ್ನು ಮಾಡಿ ತೋರಿಸಿದ್ದರು. ಲಾಗಿನ್ ಆಗುವ ಮೊದಲು ನೆಟ್‌ವರ್ಕಿನಿಂದ ಬರುವ ಬೈಟುಗಳನ್ನು ಓದುವುದು ಖಾಲಿ ಡೈರೆಕ್ಟರಿಯೊಳಗೆ ಕೂತ, ಯಾವ ಅಧಿಕಾರವೂ ಇಲ್ಲದ ಮರಿ ಪ್ರಾಸೆಸ್. ಪಾಸ್‌ವರ್ಡ್ ಸರಿಯೆ, ಈ ಸಹಿ ಹಾಕಿಕೊಡು ಎಂಬಂಥ ಎಣಿಸಿದ ಕೆಲವು ಬೇಡಿಕೆಗಳನ್ನು ಮಾತ್ರ ಅದು ಅಧಿಕಾರವಿರುವ ತಾಯಿ ಪ್ರಾಸೆಸ್ ಮುಂದಿಡಬಹುದು. 2008ರಲ್ಲಿ ಬಂದ ಕ್ರೋಮ್ ಅದೇ ವಿನ್ಯಾಸವನ್ನು ಡೆಸ್ಕ್‌ಟಾಪ್‌ಗೆ ತಂದಿತು. ಆ ವಲಯದ ಮಾತಿನಲ್ಲೇ ಹೇಳುವುದಾದರೆ ಅಧಿಕಾರ ಉಳಿಸಿಕೊಂಡದ್ದು ಬ್ರೋಕರ್, ಕಳೆದುಕೊಂಡದ್ದು ವರ್ಕರ್.

ವರ್ಕರ್ ಬದುಕಿನ ಕ್ರಮ ಹೀಗಿರಲಿ: ಬೇಕಾದುದನ್ನೆಲ್ಲ ಮೊದಲು ತೆರೆದುಕೊಳ್ಳುವುದು, ಆಮೇಲೆ ಹಕ್ಕು ಬಿಡುವುದು, ಅದಾದ ಮೇಲೆಯೇ ಅಪರಿಚಿತ ಫೈಲಿನ ಮೊದಲ ಬೈಟ್ ಓದುವುದು. ಕೇಳಲು ಸುಲಭ, ಆದರೆ 'ಬೇಕಾದುದೆಲ್ಲ' ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ಲೈಬ್ರರಿಗಳು ನಮಗೆ ಹೇಳದೆ ಎಷ್ಟೋ ಫೈಲುಗಳನ್ನು ತೆರೆಯುತ್ತವೆ. ಸಮಯ ತೋರಿಸಬೇಕಾದ ಗಳಿಗೆಯಲ್ಲಿ ಟೈಮ್‌ಜೋನ್ ಫೈಲು, ಅಕ್ಷರ ಬಿಡಿಸುವಾಗ ಫಾಂಟು, ಬಣ್ಣಕ್ಕೆ ಐಸಿಸಿ ಪ್ರೊಫೈಲು. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಅಕ್ಷರ ಸಂಕೇತ ಬದಲಿಸುವ ಐಕಾನ್ವ್‌ಗೆ ಒಂದು ಹಳೆಯ ಎನ್‌ಕೋಡಿಂಗ್ ಎದುರಾದರೆ ಆಗ ಮಾತ್ರ ಅದರ ಮಾಡ್ಯೂಲನ್ನು ಡಿಸ್ಕಿನಿಂದ ತರಲು ಹೋಗುತ್ತದೆ. ಕೋಡೆಕ್ ಪ್ಲಗಿನ್‌ಗಳದೂ ಇದೇ ಸ್ವಭಾವ. ಹಕ್ಕು ಬಿಟ್ಟ ಮೇಲೆ ಇವೆಲ್ಲ ಒಂದೊಂದಾಗಿ ಮುರಿಯುತ್ತವೆ. ಅದೂ ನಿಮ್ಮ ಯಂತ್ರದಲ್ಲಲ್ಲ, ವಿಚಿತ್ರ ಪಿಡಿಎಫ್ ತೆರೆದ ಯಾರದೋ ಯಂತ್ರದಲ್ಲಿ. ಆದ್ದರಿಂದ ಲಾಕ್ ಮಾಡುವ ಮೊದಲು ಇವುಗಳನ್ನು ಬೇಕೆಂದೇ ಒಮ್ಮೆ ಬಳಸಿ ಒಳಗೆಳೆದುಕೊಳ್ಳಿ. ಫಾಂಟುಗಳ ಡೈರೆಕ್ಟರಿಯ ಹ್ಯಾಂಡಲ್ ಒಂದನ್ನು ತೆರೆದಿಟ್ಟುಕೊಳ್ಳಿ, ಇಲ್ಲವೆ ಫಾಂಟ್ ಬೇಕಾದಾಗ ಬ್ರೋಕರ್‌ನಿಂದ ಕೇಳಿ ಪಡೆಯಿರಿ.

ಬ್ರೋಕರ್ ವರ್ಕರ್‌ಗೆ ಫೈಲಿನ ಪಾತ್ ಕೊಡಬಾರದು, ತೆರೆದ ಫೈಲನ್ನೇ ಕೊಡಬೇಕು. ಯುನಿಕ್ಸ್‌ಗಳಲ್ಲಿ ಸಾಕೆಟ್ ಮೂಲಕ ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಗುರುತು ಸಂಖ್ಯೆ) ದಾಟಿಸಬಹುದು, ವಿಂಡೋಸ್‌ನಲ್ಲಿ ಹ್ಯಾಂಡಲ್ ನಕಲು ಮಾಡಿಕೊಡಬಹುದು, ಮ್ಯಾಕ್‌ನಲ್ಲಿ ಪ್ರಾಸೆಸ್‌ಗಳ ನಡುವೆ ಹೋಗುವ ಎಕ್ಸ್‌ಪಿಸಿ ಸಂದೇಶದಲ್ಲೂ ಫೈಲ್ ಹ್ಯಾಂಡಲ್ ಹೋಗುತ್ತದೆ. ಓದಲು ಮಾತ್ರ ತೆರೆದ ಒಂದು ಡಿಸ್ಕ್ರಿಪ್ಟರ್ ಕೈಯಲ್ಲಿದ್ದು, ಹೊಸದಾಗಿ ಏನನ್ನೂ ತೆರೆಯಲಾಗದ ಪ್ರಾಸೆಸ್: ಎಲ್ಲ ಆಪರೇಟಿಂಗ್ ಸಿಸ್ಟಂಗಳಲ್ಲೂ ನಿಮ್ಮ ಗುರಿ ಈ ಸ್ಥಿತಿಯೇ. ಅಲ್ಲಿಗೆ ತಲುಪುವ ದಾರಿಗಳು ಮಾತ್ರ ಬೇರೆ ಬೇರೆ. ಎಲ್ಲ ಕಡೆ ನಡೆಯುವ ಒಂದೇ ಲೈಬ್ರರಿ ಇಲ್ಲದಿರಲು ಕಾರಣವೂ ಅದೇ. ಒಂದು ಸಿಸ್ಟಂ ನಿನಗೆ ಯಾವ ಬಗೆಯ ಕೆಲಸ ಬೇಕು ಎಂದು ಕೇಳುತ್ತದೆ, ಇನ್ನೊಂದು ಯಾವ ಸಿಸ್ಟಂ ಕಾಲ್ ಬೇಕು ಎನ್ನುತ್ತದೆ, ಮತ್ತೊಂದು ನೀನು ಯಾರು ಎಂದು. ಇವುಗಳ ಮೇಲೆ ಒಂದೇ ಹೊದಿಕೆ ಹೊದಿಸಲು ಹೋದರೆ ಎಲ್ಲಕ್ಕೂ ಸಾಮಾನ್ಯವಾದ ಅತಿ ದುರ್ಬಲ ಭಾಗವಷ್ಟೇ ಉಳಿಯುತ್ತದೆ. ಬ್ರೋಕರ್–ವರ್ಕರ್ ವಿಭಜನೆಯನ್ನು ಎಲ್ಲ ಕಡೆ ಒಂದೇ ಆಗಿಟ್ಟು, 'ಈಗ ಲಾಕ್ ಮಾಡು' ಎಂಬ ಒಂದು ಫಂಕ್ಷನ್ನನ್ನು ಮಾತ್ರ ಪ್ರತಿ ಸಿಸ್ಟಂಗೂ ಬೇರೆಯಾಗಿ ಬರೆಯಿರಿ.

ಓಪನ್‌ಬಿಎಸ್‌ಡಿಯಿಂದ ಆರಂಭಿಸುತ್ತೇನೆ. ಬಳಸುವವರು ಕಡಿಮೆ ಇರಬಹುದು, ಆದರೆ ಪ್ರೋಗ್ರಾಂ ಬರೆಯುವವರ ಮನಸ್ಸು ಅರಿತು ಮಾಡಿದ ವ್ಯವಸ್ಥೆ ಅದು. 2016ರ 5.9 ಆವೃತ್ತಿಯಲ್ಲಿ ಬಂದ ಪ್ಲೆಡ್ಜ್‌ಗೆ ನೂರಾರು ಸಿಸ್ಟಂ ಕಾಲ್‌ಗಳ ಪಟ್ಟಿ ಕೊಡಬೇಕಾಗಿಲ್ಲ. ತೆರೆದಿರುವುದರ ಓದು–ಬರಹ, ಫೈಲ್ ಓದು, ಫೈಲ್ ಬರಹ, ಇಂಟರ್‌ನೆಟ್, ಡಿಎನ್‌ಎಸ್, ಬೇರೆ ಪ್ರೋಗ್ರಾಂ ಓಡಿಸುವುದು ಎಂಬಂಥ ಗುಂಪುಗಳಿವೆ; ಇನ್ನು ಮುಂದೆ ನನಗೆ ಇಷ್ಟು ಸಾಕು ಎಂದು ಒಂದು ಸಾಲಿನಲ್ಲಿ ಮಾತು ಕೊಡಬೇಕು. ಮಾತು ತಪ್ಪಿದ ಪ್ರಾಸೆಸ್ಸನ್ನು ಕರ್ನಲ್ ಅಲ್ಲೇ ಕೊಲ್ಲುತ್ತದೆ. ಕೊಟ್ಟ ಮಾತನ್ನು ಮುಂದೆ ಇನ್ನಷ್ಟು ಬಿಗಿ ಮಾಡಬಹುದು, ಸಡಿಲಿಸಲಾಗದು. 2018ರ 6.4ರಲ್ಲಿ ಬಂದ ಅನ್‌ವೇಲ್, ಯಾವ ಡೈರೆಕ್ಟರಿಗಳು ಕಣ್ಣಿಗೆ ಬೀಳಬೇಕು ಎಂಬುದನ್ನು ನಿರ್ಧರಿಸುತ್ತದೆ. ನಿಮ್ಮ ವರ್ಕರ್‌ಗೆ ಪ್ಲೆಡ್ಜ್‌ನ ಮೊದಲ ಗುಂಪೊಂದೇ ಸಾಕಾಗಬೇಕು. ಸಾಕಾಗದಿದ್ದರೆ ಯಾವ ಲೈಬ್ರರಿ ಏನನ್ನು ಗುಟ್ಟಾಗಿ ತೆರೆಯುತ್ತಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಬಿಎಸ್‌ಡಿಗೆ ಒಯ್ಯುವ ಯೋಚನೆ ಹೇಗೂ ಇದೆಯಲ್ಲ, ಅದನ್ನು ಕೊನೆಗೆ ತಳ್ಳದೆ ಮೊದಲೇ ಮಾಡಿ. ವಿಭಜನೆ ಎಷ್ಟು ಸ್ವಚ್ಛವಾಗಿದೆ ಎಂದು ಪರೀಕ್ಷಿಸಲು ಇದಕ್ಕಿಂತ ಚುರುಕಾದ ಸಾಧನ ನನಗೆ ತಿಳಿದಂತೆ ಇಲ್ಲ.

ಫ್ರೀಬಿಎಸ್‌ಡಿಯ ಕ್ಯಾಪ್ಸಿಕಂ ಇನ್ನೂ ಶುದ್ಧ. ರಾಬರ್ಟ್ ವಾಟ್ಸನ್ ಮತ್ತು ಸಂಗಡಿಗರು 2010ರಲ್ಲಿ ಮಂಡಿಸಿದ ವಿನ್ಯಾಸ ಇದು. ಪ್ರಾಸೆಸ್ ಒಮ್ಮೆ ಕೆಪಬಿಲಿಟಿ ಮೋಡ್‌ಗೆ ಹೋದರೆ ಅದರ ಪಾಲಿಗೆ ಪಾತ್ ಎಂಬುದೇ ಇರುವುದಿಲ್ಲ. ಕೈಯಲ್ಲಿರುವ ಡಿಸ್ಕ್ರಿಪ್ಟರ್‌ಗಳೇ ಅದರ ಪ್ರಪಂಚ. ಒಂದೊಂದು ಡಿಸ್ಕ್ರಿಪ್ಟರ್ ಮೇಲೂ ಓದು ಮಾತ್ರ, ಸೀಕ್ ಮಾತ್ರ ಎಂದು ಹಕ್ಕನ್ನು ಕತ್ತರಿಸಬಹುದು. ನೆಟ್‌ವರ್ಕ್ ಸಂಚಾರ ತೋರಿಸುವ ಟಿಸಿಪಿಡಂಪ್‌ಗೆ ಇದನ್ನು ಅಳವಡಿಸಿದಾಗ ಐಪಿ ವಿಳಾಸಕ್ಕೆ ಹೆಸರು ಹುಡುಕುವ ಡಿಎನ್‌ಎಸ್ ಕೆಲಸ ನಿಂತುಹೋಯಿತು, ಏಕೆಂದರೆ ರಿಸಾಲ್ವರ್ ತನ್ನ ಪಾಡಿಗೆ ಫೈಲು, ಸಾಕೆಟ್ ತೆರೆಯುತ್ತಿತ್ತು. ಪರಿಹಾರವಾಗಿ ಬಂದದ್ದು ಕ್ಯಾಸ್ಪರ್: ಡಿಎನ್‌ಎಸ್‌ನಂಥ ಸಣ್ಣ ಸೇವೆಗಳನ್ನು ಹೊರಗಿನಿಂದ ಒದಗಿಸುವ ಸಹಾಯಕ ಪ್ರಾಸೆಸ್. ನಿಮ್ಮ ಬ್ರೋಕರ್ ಕೂಡ ಅದರ ಅಣ್ಣನೋ ತಮ್ಮನೋ ಆಗಿರುತ್ತದೆ.

ಲಿನಕ್ಸ್‌ನಲ್ಲಿ ಒಂದೇ ಉಪಾಯ ಇಲ್ಲ, ತುಂಡು ತುಂಡು ಸೇರಿಸಿ ಹೊಲಿಯಬೇಕು. ಸಿಸ್ಟಂ ಕಾಲ್‌ಗಳನ್ನು ತಡೆಯುವ ಸೆಕ್‌ಕಾಂಪ್ ಒಂದು ತುಂಡು. 2005ರ 2.6.12 ಕರ್ನಲ್‌ನಲ್ಲಿ ಬಂದ ಅದರ ಮೊದಲ ರೂಪ ರೀಡ್, ರೈಟ್, ಎಕ್ಸಿಟ್, ಸಿಗ್‌ರಿಟರ್ನ್ ಎಂಬ ನಾಲ್ಕೇ ಕರೆಗಳನ್ನು ಬಿಡುತ್ತಿತ್ತು. ಮೆಮೊರಿ ಕೇಳುವುದಕ್ಕೂ ಆಸ್ಪದವಿರಲಿಲ್ಲ. 2012ರ 3.5ರಲ್ಲಿ ಬಿಪಿಎಫ್ ಫಿಲ್ಟರ್ (ಯಾವ ಕರೆ ಬಿಡಬೇಕೆಂದು ತೀರ್ಮಾನಿಸುವ ಪುಟ್ಟ ಪ್ರೋಗ್ರಾಂ) ಸೇರಿದ ಮೇಲೆ ಅದು ನಿಜಕ್ಕೂ ಉಪಯೋಗಕ್ಕೆ ಬಂತು. ಈ ಫಿಲ್ಟರ್‌ನ ಮಿತಿಯನ್ನು ಚೆನ್ನಾಗಿ ತಿಳಿದುಕೊಂಡಿರಿ. ಅದಕ್ಕೆ ಸಿಸ್ಟಂ ಕಾಲ್‌ನ ಸಂಖ್ಯೆ ಕಾಣುತ್ತದೆ, ಆರ್ಗ್ಯುಮೆಂಟ್‌ಗಳ ಅಂಕಿಗಳು ಕಾಣುತ್ತವೆ. ಆರ್ಗ್ಯುಮೆಂಟ್ ಒಂದು ಪಾಯಿಂಟರ್ ಆದರೆ ಅದರ ಆಚೆ ಏನಿದೆ ಎಂದು ಕಾಣುವುದಿಲ್ಲ. ಹಾಗಾಗಿ ಓಪನ್ ಮಾಡಬಹುದು ಅಥವಾ ಮಾಡಬಾರದು ಎನ್ನಬಹುದೇ ಹೊರತು, ಈ ಡೈರೆಕ್ಟರಿಯಲ್ಲಿ ಮಾತ್ರ ಮಾಡು ಎನ್ನಲಾಗದು. ಕರ್ನಲ್ ಬೇಕೆಂದೇ ಹೀಗೆ ಮಾಡಿದೆ: ಪಾತ್ ಪರೀಕ್ಷಿಸಿದ ಮರುಕ್ಷಣ ಇನ್ನೊಂದು ಥ್ರೆಡ್ ಆ ಮೆಮೊರಿಯನ್ನು ತಿದ್ದಿಬಿಟ್ಟರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ.

ಫಿಲ್ಟರ್ ಬರೆದು ಮರೆತುಬಿಡುವ ಹಾಗೂ ಇಲ್ಲ. ನೀವು ಕರೆಯುವುದು ಸಿ ಲೈಬ್ರರಿಯನ್ನು. ಅದು ಕೆಳಗೆ ಯಾವ ಸಿಸ್ಟಂ ಕಾಲ್ ಬಳಸುತ್ತದೆ ಎಂಬುದು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. 2021ರಲ್ಲಿ ಜಿಲಿಬ್‌ಸಿ 2.34 ಥ್ರೆಡ್ ಹುಟ್ಟಿಸಲು ಹೊಸ ಕ್ಲೋನ್3 ಕರೆಯನ್ನು ಬಳಸತೊಡಗಿತು. ಅಂಥ ಕರೆಯೇ ಇಲ್ಲ ಎಂಬ ಉತ್ತರ ಬಂದಿದ್ದರೆ ಅದು ಹಳೆಯ ಕ್ಲೋನ್‌ಗೆ ಮರಳುತ್ತಿತ್ತು. ಆದರೆ ಕಂಟೇನರ್‌ಗಳನ್ನು ಓಡಿಸುವ ಡಾಕರ್‌ನ ಹಳೆಯ ಆವೃತ್ತಿಗಳ ಫಿಲ್ಟರ್ ಕೊಟ್ಟ ಉತ್ತರ 'ಅನುಮತಿ ಇಲ್ಲ' ಎಂದು. ಪರಿಣಾಮವಾಗಿ ಹೊಸ ಡಿಸ್ಟ್ರೊಗಳ ಕಂಟೇನರ್‌ಗಳಲ್ಲಿ ಥ್ರೆಡ್‌ಗಳೇ ಹುಟ್ಟದಾದವು. ಆದ್ದರಿಂದ ಗೊತ್ತಿಲ್ಲದ ಹೊಸ ಕರೆಗಳಿಗೆ 'ಜಾರಿಯಲ್ಲಿಲ್ಲ' ಎಂಬ ದೋಷ ಸಂಖ್ಯೆಯನ್ನೇ ಹಿಂತಿರುಗಿಸಿ. ಪ್ರೊಸೆಸರ್ ಆರ್ಕಿಟೆಕ್ಚರ್ ಯಾವುದೆಂದು ಫಿಲ್ಟರ್‌ನ ಮೊದಲ ಸಾಲಿನಲ್ಲೇ ಪರೀಕ್ಷಿಸಿ, ಏಕೆಂದರೆ ಒಂದೇ ಸಂಖ್ಯೆ 32 ಬಿಟ್‌ನಲ್ಲಿ ಒಂದು ಕರೆ, 64 ಬಿಟ್‌ನಲ್ಲಿ ಇನ್ನೊಂದು. ಓದು–ಬರಹದ ಕೆಲಸಗಳನ್ನು ಸರತಿಯಲ್ಲಿಟ್ಟು ಕರ್ನಲ್‌ಗೆ ಒಪ್ಪಿಸುವ ಐಒ ಯುರಿಂಗ್ ಅನ್ನು ಪೂರ್ತಿ ಮುಚ್ಚಿ. ಅದರ ರಿಂಗ್‌ಗೆ ಹಾಕಿದ ಕೆಲಸಗಳು ಸಿಸ್ಟಂ ಕಾಲ್ ದಾರಿಯಲ್ಲಿ ಬರುವುದೇ ಇಲ್ಲ, ಹಾಗಾಗಿ ಸೆಕ್‌ಕಾಂಪ್ ಕಣ್ಣಿಗೆ ಬೀಳುವುದಿಲ್ಲ. ಗೂಗಲ್ 2023ರಲ್ಲಿ ಕ್ರೋಮ್‌ಒಎಸ್‌ನಲ್ಲಿ ಅದನ್ನು ನಿಲ್ಲಿಸಿದ್ದಾಗಿ ತಿಳಿಸಿತು, ಆಂಡ್ರಾಯ್ಡ್ ಆ್ಯಪ್‌ಗಳಿಗೂ ಅದು ಸಿಗದಂತೆ ಮಾಡಿದೆ.

ಪಾತ್ ವಿಷಯದಲ್ಲಿ ಸೆಕ್‌ಕಾಂಪ್ ಬಿಟ್ಟ ಜಾಗವನ್ನು ತುಂಬುವುದು ಲ್ಯಾಂಡ್‌ಲಾಕ್. 2021ರ 5.13 ಕರ್ನಲ್‌ನಲ್ಲಿ ಬಂತು, ಮಿಕಾಯೆಲ್ ಸಲಾವುನ್ ಅವರ ಹಲವು ವರ್ಷಗಳ ದುಡಿಮೆ. ಇದಕ್ಕೆ ರೂಟ್ ಬೇಡ, ಡಿಸ್ಟ್ರೊದವರ ಪಾಲಿಸಿ ಫೈಲೂ ಬೇಡ. ಯಾವ ಪ್ರಾಸೆಸ್ ಬೇಕಾದರೂ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳಬಹುದು. ಹಿಂದಿನ ಎಸ್‌ಇಲಿನಕ್ಸ್, ಆ್ಯಪ್‌ಆರ್ಮರ್‌ಗಳಲ್ಲಿ ಕೀಲಿ ಯಂತ್ರದ ಆಡಳಿತಗಾರರ ಕೈಯಲ್ಲಿತ್ತು. ಬರೆದವರ ಕೈಗೆ ಅದು ಬಂದದ್ದು ನಿಮ್ಮಂಥವರಿಗೆ ದೊಡ್ಡ ಬದಲಾವಣೆ. 6.7ರಲ್ಲಿ ಟಿಸಿಪಿ ಸಂಪರ್ಕಗಳನ್ನೂ ತಡೆಯುವ ಶಕ್ತಿ ಸೇರಿತು. ನಿಮ್ಮ ವರ್ಕರ್‌ಗೆ ನೆಟ್‌ವರ್ಕೇ ಬೇಡವಾದ್ದರಿಂದ ಸಾಕೆಟ್ ಕರೆಯನ್ನೇ ಸೆಕ್‌ಕಾಂಪ್‌ನಲ್ಲಿ ನಿರಾಕರಿಸುವುದು ಇನ್ನೂ ಸರಳ.

ಯೂಸರ್ ನೇಮ್‌ಸ್ಪೇಸ್‌ಗಳು 2013ರ 3.8ರಿಂದ ಇವೆ. ಖಾಲಿ ಫೈಲ್ ಸಿಸ್ಟಂ, ಖಾಲಿ ನೆಟ್‌ವರ್ಕ್ ಕಟ್ಟಿಕೊಂಡು ವರ್ಕರನ್ನು ಅದರಲ್ಲಿ ಕೂರಿಸಬಹುದು. ಆದರೆ ಅವು ಕರ್ನಲ್‌ನ ಬಹಳಷ್ಟು ಹಳೆಯ ಕೋಡನ್ನು ಸಾಮಾನ್ಯ ಯೂಸರ್‌ಗಳಿಗೆ ಎಟುಕಿಸಿ ಸಾಕಷ್ಟು ದೋಷಗಳಿಗೆ ದಾರಿಯಾದವು. ಉಬುಂಟು 24.04 ಸಾಮಾನ್ಯ ಪ್ರೋಗ್ರಾಮುಗಳಿಗೆ ಅವನ್ನು ಆ್ಯಪ್‌ಆರ್ಮರ್ ಮೂಲಕ ನಿರ್ಬಂಧಿಸಿದೆ. ಆದ್ದರಿಂದ ಅವು ಸಿಕ್ಕರೆ ಬಳಸಿ, ಅವುಗಳ ಮೇಲೆಯೇ ನಿಲ್ಲಬೇಡಿ. ಸೆಕ್‌ಕಾಂಪ್ ಮತ್ತು ಲ್ಯಾಂಡ್‌ಲಾಕ್ ಎರಡೂ ಥ್ರೆಡ್‌ಗೆ ಅಂಟಿಕೊಳ್ಳುವಂಥವು ಎಂಬುದನ್ನೂ ಮರೆಯಬೇಡಿ. ಎರಡನೆಯ ಥ್ರೆಡ್ ಹುಟ್ಟುವ ಮೊದಲೇ ಲಾಕ್ ಮಾಡಿ, ಇಲ್ಲದಿದ್ದರೆ ಹಕ್ಕು ಬಿಡದ ಥ್ರೆಡ್ ಒಂದು ಅದೇ ಮೆಮೊರಿಯಲ್ಲಿ ಉಳಿದಿರುತ್ತದೆ.

ವಿಂಡೋಸ್‌ನ ಜಾಯಮಾನವೇ ಬೇರೆ. ಅಲ್ಲಿ ಹಕ್ಕು ಇರುವುದು ಪ್ರಾಸೆಸ್ ಹೊತ್ತಿರುವ ಟೋಕನ್‌ನಲ್ಲಿ, ಟೋಕನ್ ನಿರ್ಧಾರವಾಗುವುದು ಪ್ರಾಸೆಸ್ ಹುಟ್ಟುವಾಗ. ಓಪನ್‌ಬಿಎಸ್‌ಡಿಯಲ್ಲಿ ವರ್ಕರ್ ತಾನೇ ಹಕ್ಕು ಬಿಟ್ಟರೆ, ಇಲ್ಲಿ ಬ್ರೋಕರ್ ಅದನ್ನು ಬಡವಾಗಿಯೇ ಹುಟ್ಟಿಸಬೇಕು. ವಿಂಡೋಸ್ 2000ದಿಂದಲೇ ರಿಸ್ಟ್ರಿಕ್ಟೆಡ್ ಟೋಕನ್ ಮತ್ತು ಜಾಬ್ ಆಬ್ಜೆಕ್ಟ್ (ಪ್ರಾಸೆಸ್‌ಗಳ ಗುಂಪಿಗೆ ಮಿತಿ ಹಾಕುವ ವ್ಯವಸ್ಥೆ) ಇವೆ. ವಿಸ್ಟಾದಲ್ಲಿ ಇಂಟೆಗ್ರಿಟಿ ಲೆವೆಲ್ (ಪ್ರಾಸೆಸ್, ಫೈಲುಗಳಿಗೆ ಕೊಡುವ ನಂಬಿಕೆಯ ಹಂತ) ಬಂತು. 2012ರ ವಿಂಡೋಸ್ 8ರಲ್ಲಿ ಆ್ಯಪ್‌ಕಂಟೇನರ್. ಹಲವರು ವರ್ಕರನ್ನು ಲೋ ಇಂಟೆಗ್ರಿಟಿಗೆ ಇಳಿಸಿ ಕೈ ತೊಳೆದುಕೊಳ್ಳುತ್ತಾರೆ. ಅದು ಸಾಲದು. ಇಂಟೆಗ್ರಿಟಿ ನಿಯಮ ಸಾಮಾನ್ಯವಾಗಿ ತಡೆಯುವುದು ಮೇಲಿನ ಹಂತದ ಫೈಲಿಗೆ ಬರೆಯುವುದನ್ನು, ಓದುವುದನ್ನಲ್ಲ. ಬಳಕೆದಾರರ ದಾಖಲೆಗಳನ್ನು ಕದಿಯಲು ಬಂದವನಿಗೆ ಬರೆಯುವ ಹಕ್ಕು ಏಕೆ ಬೇಕು?

ಆ್ಯಪ್‌ಕಂಟೇನರ್ ಓದುವುದನ್ನೂ ತಡೆಯುತ್ತದೆ. ಆ ಕಂಟೇನರ್‌ನ ಗುರುತಿಗೆ ಅಥವಾ ಎಲ್ಲ ಆ್ಯಪ್ ಪ್ಯಾಕೇಜ್‌ಗಳ ಗುಂಪಿಗೆ ಅನುಮತಿ ಕೊಟ್ಟಿರುವ ವಸ್ತುಗಳು ಮಾತ್ರ ಅದಕ್ಕೆ ಸಿಗುತ್ತವೆ, ಕೇಳಿ ಪಡೆಯದಿದ್ದರೆ ಇಂಟರ್‌ನೆಟ್ಟೂ ಇಲ್ಲ. ವಿಂಡೋಸ್‌ನಲ್ಲಿ ನಿಮ್ಮ ವರ್ಕರ್‌ಗೆ ಇದೇ ತಳಪಾಯವಾಗಲಿ. ಮೇಲಿಂದ ಜಾಬ್ ಆಬ್ಜೆಕ್ಟ್‌ನಲ್ಲಿ ಪ್ರಾಸೆಸ್ ಮಿತಿ ಒಂದು ಎಂದಿಟ್ಟರೆ ಮರಿ ಪ್ರಾಸೆಸ್ ಹುಟ್ಟುವುದಿಲ್ಲ, ಇಮೇಜ್‌ಮ್ಯಾಜಿಕ್ ಬಗೆಯ ದಾಳಿಗೆ ಅಲ್ಲೇ ತಡೆ. ಕಿಟಕಿ, ಮೆನು, ಜಿಡಿಐಗಳನ್ನು ನಡೆಸುವ ವಿನ್32ಕೆ ಎಂಬ ಕರ್ನಲ್ ಭಾಗ ಬಹಳ ಕಾಲದಿಂದ ದಾಳಿಕೋರರು ಸ್ಯಾಂಡ್‌ಬಾಕ್ಸ್ ದಾಟಲು ಬಳಸಿದ ಹಾದಿ. ಅದರ ಕರೆಗಳನ್ನೆಲ್ಲ ಪ್ರಾಸೆಸ್‌ಗೆ ಮುಚ್ಚಿಬಿಡುವ ಮಿಟಿಗೇಶನ್ ಪಾಲಿಸಿ ವಿಂಡೋಸ್ 8ರಿಂದ ಇದೆ. ಅದನ್ನು ಹಾಕಬೇಕಾದರೆ ವರ್ಕರ್‌ನಲ್ಲಿ ಕಿಟಕಿಗೆ ಸಂಬಂಧಿಸಿದ ಒಂದು ಸಾಲೂ ಇರಬಾರದು. ಮೊದಲೇ ಒಡೆದಿಟ್ಟ ಶ್ರಮಕ್ಕೆ ಇಲ್ಲಿ ಪೂರ್ತಿ ಬೆಲೆ ಸಿಗುತ್ತದೆ.

ಮ್ಯಾಕ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಆ್ಯಪ್ ಸ್ಯಾಂಡ್‌ಬಾಕ್ಸ್ 2011ರ ಲಯನ್‌ನಲ್ಲಿ ಬಂತು, ಮರುವರ್ಷ ಮ್ಯಾಕ್ ಆ್ಯಪ್ ಸ್ಟೋರ್‌ಗೆ ಕಡ್ಡಾಯವಾಯಿತು. ಹಕ್ಕುಗಳ ಪಟ್ಟಿ ಎಂಟೈಟಲ್‌ಮೆಂಟ್ ರೂಪದಲ್ಲಿ ಆ್ಯಪ್‌ನ ಡಿಜಿಟಲ್ ಸಹಿಯೊಳಗೇ ಇರುತ್ತದೆ. ವರ್ಕರನ್ನು ಎಕ್ಸ್‌ಪಿಸಿ ಸರ್ವಿಸ್ ಆಗಿ ಬರೆದು, ಅದಕ್ಕೆ ಸ್ಯಾಂಡ್‌ಬಾಕ್ಸ್ ಎಂಬ ಒಂದೇ ಎಂಟೈಟಲ್‌ಮೆಂಟ್ ಇಟ್ಟು ಮಿಕ್ಕಿದ್ದನ್ನೆಲ್ಲ ತೆಗೆಯಿರಿ. ಫೈಲು ಆರಿಸುವ ಡೈಲಾಗ್ ಅಲ್ಲಿ ನಿಮ್ಮ ಪ್ರಾಸೆಸ್‌ನ ಹೊರಗೆ ಓಡುತ್ತದೆ, ಬಳಕೆದಾರರು ಆರಿಸಿದ ಫೈಲಿಗೆ ಮಾತ್ರ ಅನುಮತಿ ದಾಟಿ ಬರುತ್ತದೆ. ಆಯ್ಕೆಯೇ ಅನುಮತಿಯಾಗುವ ಈ ಏರ್ಪಾಡು ನನಗೆ ಬಹಳ ಇಷ್ಟ. ಲಿನಕ್ಸ್‌ನ ಫ್ಲಾಟ್‌ಪ್ಯಾಕ್ ಪೋರ್ಟಲ್‌ಗಳೂ ಇದೇ ದಾರಿಯಲ್ಲಿವೆ. ಮ್ಯಾಕ್ ಸ್ಯಾಂಡ್‌ಬಾಕ್ಸ್‌ನ ಒಳಗಿನ ನಿಯಮ ಪಟ್ಟಿಯಾದ ಸೀಟ್‌ಬೆಲ್ಟ್ ಪ್ರೊಫೈಲನ್ನು ನೇರವಾಗಿ ಬಳಸುವ ಹಳೆಯ ಕರೆಗಳನ್ನು ಆ್ಯಪಲ್ ಕೈಬಿಡಬೇಕಾದವು ಎಂದು ಗುರುತಿಸಿ ವರ್ಷಗಳಾದವು. ದೊಡ್ಡ ಬ್ರೌಸರ್‌ಗಳು ಅವನ್ನು ಇನ್ನೂ ಬಳಸುತ್ತವೆ, ಹೊಸ ಆ್ಯಪ್‌ಗೆ ಅದು ಬೇಡ.

ಕಂಟೇನರ್ ಪ್ರಶ್ನೆ ಬಾಕಿ ಉಳಿಯಿತು. ಇಡೀ ಆ್ಯಪನ್ನು ಒಂದು ಕಂಟೇನರ್‌ನಲ್ಲಿ ಕೂರಿಸಿದರೆ ಆಂಡ್ರಾಯ್ಡ್‌ನ ಹಳೆಯ ಮೀಡಿಯಾಸರ್ವರನ್ನೇ ಕಂಟೇನರ್‌ಗೆ ಹಾಕಿದಂತಾಯಿತು. ಅದಕ್ಕೆ ಬೇಕಾದ ಹಕ್ಕುಗಳೆಲ್ಲ ಒಳಗೂ ಬೇಕು. ಬಳಕೆದಾರರ ಫೈಲು ತೋರಿಸಲು ಹೋಂ ಡೈರೆಕ್ಟರಿ ಮೌಂಟ್ ಮಾಡುತ್ತೀರಿ, ಕಿಟಕಿಗಾಗಿ ಲಿನಕ್ಸ್‌ನ ಹಳೆಯ ಪರದೆ ವ್ಯವಸ್ಥೆಯಾದ ಎಕ್ಸ್11ನ ಸಾಕೆಟ್ ಒಳಗೆ ಬಿಡುತ್ತೀರಿ. ಎಕ್ಸ್11ನಲ್ಲಿ ಒಂದು ಕ್ಲೈಂಟ್ ಬೇರೆಲ್ಲ ಕಿಟಕಿಗಳ ಕೀಲಿಮಣೆ ಒತ್ತುಗಳನ್ನು ಕದ್ದು ಕೇಳಬಹುದು, ತಾನೇ ಒತ್ತಿದಂತೆ ನಟಿಸಲೂಬಹುದು. ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಈ ತೊಂದರೆ ಇಲ್ಲ. ಡೆಸ್ಕ್‌ಟಾಪ್ ಪ್ರೋಗ್ರಾಮುಗಳು ಪರಸ್ಪರ ಮಾತಾಡುವ ಡಿ–ಬಸ್ ಸೆಶನ್ ಸಾಕೆಟ್ ಕೂಡ ಹೀಗೆಯೇ: ಅದರ ಆಚೆ ಇರುವ ಯಾವುದೋ ಸೇವೆ ನಿಮ್ಮ ಪರವಾಗಿ ಪ್ರೋಗ್ರಾಂ ಓಡಿಸಿಕೊಡಬಲ್ಲದು. ನಿಮ್ಮ ವರ್ಕರ್‌ಗೆ ಇವೆರಡೂ ಕಾಣಬಾರದು. ಬ್ರೋಕರ್ ತೆರೆದಿಟ್ಟಿದ್ದ ಡಿಸ್ಕ್ರಿಪ್ಟರ್‌ಗಳು ವರ್ಕರ್‌ಗೆ ಆನುವಂಶಿಕವಾಗಿ ಹರಿಯದಂತೆಯೂ ನೋಡಿಕೊಳ್ಳಬೇಕು. ಪ್ರತಿ ಓಪನ್‌ಗೂ ಕ್ಲೋಸ್–ಆನ್–ಎಕ್ಸೆಕ್ (ಹೊಸ ಪ್ರೋಗ್ರಾಂ ಶುರುವಾದಾಗ ತಾನೇ ಮುಚ್ಚಿಕೊಳ್ಳುವ ಗುರುತು) ಹಾಕುವ ಅಭ್ಯಾಸ ಮಾಡಿಕೊಳ್ಳಿ. ಬರೀ ಫೋರ್ಕ್ (ಪ್ರಾಸೆಸ್‌ನ ನಕಲು ತೆಗೆಯುವ ಕರೆ) ಮಾಡಿ ವರ್ಕರ್ ಮಾಡಬೇಡಿ. ಆಗ ಬ್ರೋಕರ್‌ನ ಇಡೀ ಮೆಮೊರಿ, ಅದರಲ್ಲಿರುವ ಗುಟ್ಟುಗಳು, ವಿಳಾಸಗಳ ವಿನ್ಯಾಸ ಎಲ್ಲವೂ ನಕಲಾಗಿ ವರ್ಕರ್ ಕೈ ಸೇರುತ್ತವೆ. ಫೋರ್ಕ್ ಆದಮೇಲೆ ಎಕ್ಸೆಕ್ ಮಾಡಿ, ಅಂದರೆ ಆ ಜಾಗಕ್ಕೆ ಹೊಸ ಪ್ರೋಗ್ರಾಂ ತುಂಬಿ, ವರ್ಕರ್ ಹೊಸದಾಗಿ ಶುರುವಾಗಲಿ. ದಾಖಲೆಗೊಂದು ವರ್ಕರ್ ಇರಲಿ, ದಾಖಲೆ ಮುಚ್ಚಿದಾಗ ಅದೂ ಸಾಯಲಿ. ಕೆಟ್ಟ ಪಿಡಿಎಫ್ ಒಂದು ಮುಂದೆ ತೆರೆಯುವ ಬ್ಯಾಂಕ್ ಸ್ಟೇಟ್‌ಮೆಂಟಿಗಾಗಿ ಕಾದು ಕೂರಲು ಆಗಬಾರದು.

ಇಷ್ಟಾದ ಮೇಲೆ ದಾಳಿಕೋರನಿಗೆ ಉಳಿಯುವ ಬಾಗಿಲು ಎರಡೇ: ಒಂದು ಕರ್ನಲ್, ಇನ್ನೊಂದು ನಿಮ್ಮ ಬ್ರೋಕರ್. ಕರ್ನಲ್ ನಿಮ್ಮ ಕೈಯಲ್ಲಿಲ್ಲ, ಬ್ರೋಕರ್ ಇದೆ. ಹಕ್ಕಿಲ್ಲದವನ ಮಾತು ಕೇಳಿ ಹಕ್ಕಿರುವವನು ತಪ್ಪು ಕೆಲಸ ಮಾಡಿಕೊಡುವ ಈ ಅಪಾಯವನ್ನು ನಾರ್ಮ್ ಹಾರ್ಡಿ 1988ರಲ್ಲಿ ವಿವರಿಸಿದ್ದರು. ವರ್ಕರ್‌ನಿಂದ 'ಈ ಪಾತ್ ತೆರೆದುಕೊಡು' ಎಂಬ ಸಂದೇಶವೇ ನಿಮ್ಮ ಪ್ರೊಟೊಕಾಲ್‌ನಲ್ಲಿ ಇರಬಾರದು. ಫಾಂಟ್ ಬೇಕಿದ್ದರೆ ಹೆಸರು ಕಳಿಸಲಿ, ಆ ಹೆಸರನ್ನು ಬ್ರೋಕರ್ ತನ್ನ ಪಟ್ಟಿಯಲ್ಲಿ ಹುಡುಕಲಿ. ವರ್ಕರ್ ಹಿಂತಿರುಗಿಸುವುದು ಅಗಲ, ಎತ್ತರ, ಪಿಕ್ಸೆಲ್‌ಗಳು, ಇಷ್ಟೇ. ಆ ಅಗಲ–ಎತ್ತರಗಳನ್ನೂ ನಂಬಬೇಡಿ. ಎರಡನ್ನೂ ಗುಣಿಸಿದಾಗ ಅಂಕಿ ಉಕ್ಕಿ ಹರಿದು ಚಿಕ್ಕ ಬಫರ್ ಸಿದ್ಧವಾದರೆ, ವರ್ಕರ್‌ನಲ್ಲಿ ಆಗಬಹುದಾಗಿದ್ದ ಅನಾಹುತ ಈಗ ಬ್ರೋಕರ್‌ನಲ್ಲೇ ಆಗುತ್ತದೆ. ಪಿಕ್ಸೆಲ್‌ಗಳನ್ನು ಹಂಚಿಕೊಂಡ ಮೆಮೊರಿಯಲ್ಲಿ ಪಡೆಯುವುದಾದರೆ, ಪರೀಕ್ಷಿಸಿದ ಮೇಲೆ ವರ್ಕರ್ ಅದನ್ನು ತಿದ್ದಬಹುದು ಎಂಬುದು ನೆನಪಿರಲಿ. ಅಳತೆಗಳಂಥ ಮುಖ್ಯ ಅಂಕಿಗಳನ್ನು ಮೊದಲು ನಿಮ್ಮ ಮೆಮೊರಿಗೆ ನಕಲು ಮಾಡಿಕೊಂಡು, ಆ ನಕಲನ್ನೇ ಪರೀಕ್ಷಿಸಿ, ಅದನ್ನೇ ಬಳಸಿ. ಲಿನಕ್ಸ್‌ನಲ್ಲಿ ಮೆಮ್‌ಎಫ್‌ಡಿ (ಫೈಲಿನಂತೆ ಹಂಚಿಕೊಳ್ಳಬಹುದಾದ ಮೆಮೊರಿ) ಬಳಸಿದರೆ ಗಾತ್ರ ಕುಗ್ಗದಂತೆ ಸೀಲ್ ಹಾಕಿ; ಇಲ್ಲವಾದರೆ ನೀವು ಓದುತ್ತಿರುವಾಗಲೇ ವರ್ಕರ್ ಅದನ್ನು ಕುಗ್ಗಿಸಿ ಬ್ರೋಕರನ್ನು ಬೀಳಿಸಬಹುದು.

ಜಿಪ್ ಫೈಲುಗಳಿಗೆ ಇನ್ನೊಂದು ಮಾತು. ಕೆಲವು ಕಿಲೋಬೈಟ್‌ಗಳ ಫೈಲು ಗಿಗಾಬೈಟ್‌ಗಟ್ಟಲೆ ಹಿಗ್ಗುವಂತೆ ಮಾಡಬಹುದು. ಸ್ಯಾಂಡ್‌ಬಾಕ್ಸ್ ಕದಿಯುವುದನ್ನು ತಡೆಯುತ್ತದೆ, ಯಂತ್ರದ ಮೆಮೊರಿ ನುಂಗುವುದನ್ನು ತಾನಾಗಿ ತಡೆಯುವುದಿಲ್ಲ. ಯುನಿಕ್ಸ್‌ಗಳಲ್ಲಿ ಆರ್‌ಲಿಮಿಟ್, ವಿಂಡೋಸ್‌ನಲ್ಲಿ ಅದೇ ಜಾಬ್ ಆಬ್ಜೆಕ್ಟ್ ಬಳಸಿ ಮೆಮೊರಿಗೆ ಮಿತಿ ಹಾಕಿ. ಗಡಿಯಾರವನ್ನು ಬ್ರೋಕರ್ ನೋಡಿಕೊಳ್ಳಲಿ, ಹೊತ್ತು ಮೀರಿದ ವರ್ಕರನ್ನು ಕೊಲ್ಲಲಿ.

ಪ್ರತಿ ಸಣ್ಣ ಚಿತ್ರಕ್ಕೂ ಪ್ರಾಸೆಸ್ ಹುಟ್ಟಿಸುವುದು ದುಬಾರಿ ಅನಿಸಿದರೆ ಇನ್ನೊಂದು ದಾರಿ ಇದೆ. ಫೈರ್‌ಫಾಕ್ಸ್ ತನ್ನ ಕೆಲವು ಲೈಬ್ರರಿಗಳನ್ನು ಮೊದಲು ವೆಬ್‌ಅಸೆಂಬ್ಲಿಗೆ (ಕೋಡನ್ನು ಅದರದೇ ಮೆಮೊರಿಯೊಳಗೆ ಬಂಧಿಸಿಡುವ ಮಧ್ಯಂತರ ರೂಪ) ಕಂಪೈಲ್ ಮಾಡಿ, ಅಲ್ಲಿಂದ ಮತ್ತೆ ನೇಟಿವ್ ಕೋಡ್ ಮಾಡಿ, ಅದೇ ಪ್ರಾಸೆಸ್ ಒಳಗೆ ಓಡಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಬಂದ 95ನೇ ಆವೃತ್ತಿಯಲ್ಲಿ ಗ್ರಾಫೈಟ್, ಹನ್‌ಸ್ಪೆಲ್, ಆಗ್, ಎಕ್ಸ್‌ಪ್ಯಾಟ್, ವೊಫ್2 ಹೀಗೆ ಬಂಧಿಯಾದವು. ಲೈಬ್ರರಿ ತನ್ನ ಪಾಲಿನ ಮೆಮೊರಿಯ ಆಚೆ ಕೈ ಚಾಚಲಾರದು, ಸಿಸ್ಟಂ ಕಾಲ್ ಕೂಡ ನೀವು ಕೊಟ್ಟರೆ ಮಾತ್ರ. ಎಲ್ಲ ಸಿಸ್ಟಂಗಳಲ್ಲೂ ಒಂದೇ ರೀತಿ ನಡೆಯುವುದು ಇದರ ದೊಡ್ಡ ಗುಣ. ಸ್ವಲ್ಪ ವೇಗ ಕಳೆದುಕೊಳ್ಳುತ್ತೀರಿ, ಗ್ರಾಫಿಕ್ಸ್ ಡ್ರೈವರ್ ಬೇಕಾದ ಕೆಲಸಕ್ಕೆ ಇದು ಒಗ್ಗುವುದಿಲ್ಲ. ಚಿತ್ರದ ಡಿಕೋಡರ್‌ಗಳಿಗೆ ಇದನ್ನು ಖಂಡಿತ ಪ್ರಯತ್ನಿಸಿ. ಪಿಡಿಎಫ್‌ನಂಥ ದೊಡ್ಡ ಸಂಸಾರಕ್ಕೆ ಪ್ರತ್ಯೇಕ ಪ್ರಾಸೆಸ್ಸೇ ಸರಿ.

ಹಳೆಯ ಕರ್ನಲ್‌ನಲ್ಲಿ ಲ್ಯಾಂಡ್‌ಲಾಕ್ ಇಲ್ಲದಿದ್ದರೆ, ಯಾವುದೋ ಕಂಪನಿಯ ವಿಂಡೋಸ್‌ನಲ್ಲಿ ಆ್ಯಪ್‌ಕಂಟೇನರ್ ಹುಟ್ಟಲು ನಿರಾಕರಿಸಿದರೆ ಏನು ಮಾಡಬೇಕು ಎಂದು ಈಗಲೇ ನಿರ್ಧರಿಸಿಕೊಳ್ಳಿ. ಸದ್ದಿಲ್ಲದೆ ಸ್ಯಾಂಡ್‌ಬಾಕ್ಸ್ ಬಿಟ್ಟು ಮುಂದುವರಿಯುವುದು ಅತಿ ಕೆಟ್ಟ ಆಯ್ಕೆ. ಲಿನಕ್ಸ್‌ನಲ್ಲಿ ಲ್ಯಾಂಡ್‌ಲಾಕ್ ಆವೃತ್ತಿ ಯಾವುದೆಂದು ಕೇಳಿ ತಿಳಿದುಕೊಳ್ಳಬಹುದು. ಅದಿಲ್ಲದಿದ್ದರೂ ಸೆಕ್‌ಕಾಂಪ್‌ನಲ್ಲಿ ಓಪನ್ ಮುಚ್ಚಿದ್ದರೆ ನಿಮ್ಮ ವರ್ಕರ್ ಸುರಕ್ಷಿತವೇ. ಎರಡೂ ಇಲ್ಲದಿದ್ದರೆ ಫೈಲು ತೆರೆಯದೆ, ಕಾರಣವನ್ನು ಬಳಕೆದಾರರಿಗೆ ಸ್ಪಷ್ಟವಾಗಿ ಹೇಳಿ.

ಪರೀಕ್ಷೆಯನ್ನೂ ಇವತ್ತೇ ಬರೆದಿಡಿ. ವರ್ಕರ್‌ಗೆ ಪರೀಕ್ಷಾ ಬಿಲ್ಡ್‌ನಲ್ಲಿ ಮಾತ್ರ ಇರುವ ಒಂದು ಆಜ್ಞೆ ಸೇರಿಸಿ: ಲಾಕ್ ಆದ ಮೇಲೆ ಅದು ಹೋಂ ಡೈರೆಕ್ಟರಿಯ ಫೈಲೊಂದನ್ನು ತೆರೆಯಲು, ಸಾಕೆಟ್ ಹುಟ್ಟಿಸಲು, ಬೇರೆ ಪ್ರೋಗ್ರಾಂ ಓಡಿಸಲು, ಬ್ರೋಕರ್‌ಗೆ ಸಿಗ್ನಲ್ ಕಳಿಸಲು ಒಂದೊಂದಾಗಿ ಯತ್ನಿಸಲಿ. ಎಲ್ಲವೂ ವಿಫಲವಾದರೆ ಪರೀಕ್ಷೆ ಪಾಸು. ನಾಲ್ಕೂ ಸಿಸ್ಟಂಗಳಲ್ಲಿ, ಪ್ರತಿ ಬಿಲ್ಡ್‌ನಲ್ಲೂ ಇದು ಓಡಬೇಕು. ಲೈಬ್ರರಿಯೊಂದನ್ನು ಅಪ್‌ಡೇಟ್ ಮಾಡಿದ ದಿನ ಯಾರೋ ಅವಸರದಲ್ಲಿ ಫಿಲ್ಟರ್‌ಗೆ ಒಂದು ಕರೆ ಸೇರಿಸಿ ಕೆಲಸ ಮುಗಿಸುತ್ತಾರೆ; ಆ ಒಂದು ಕರೆಯಿಂದ ಏನು ತೆರೆದುಕೊಂಡಿತು ಎಂದು ಈ ಪರೀಕ್ಷೆ ಅಂದೇ ತೋರಿಸಿಕೊಡುತ್ತದೆ.